ಸುಧಾರಣಾ ಶಾಲೆಗೆ ಹಾಕಿದರೆ ಹುಡುಗರು ಸರಿಹೋಗುತ್ತಾರಾ?

ಪ್ರಶ್ನೆ: ದಾರಿ ತಪ್ಪಿದ ಹುಡುಗರನ್ನು ಕಟ್ಟುನಿಟ್ಟಿನ ಸುಧಾರಣಾ ಶಾಲೆಗೆ ಸೇರಿಸಿದರೆ ಸರಿಹೋಗುತ್ತಾರಾ, ಇಲ್ಲಾ ಇನ್ನಷ್ಟು ಕೆಡುತ್ತಾರಾ?

ಉತ್ತರ: ಬರೀ ಶಿಸ್ತಿನಿಂದ ಯಾರೂ ಸರಿಹೋಗುವುದಿಲ್ಲ. ಈ ಶಾಲೆಗಳು ಶುರುವಾಗಿದ್ದು ಒಳ್ಳೆಯ ಉದ್ದೇಶದಿಂದಲೇ, ಮಕ್ಕಳು ದೊಡ್ಡವರ ಜೈಲಿನಲ್ಲಿ ಕೊಳೆಯಬಾರದು ಅಂತ. ಫ್ರಾನ್ಸಿನ ಮೆಟ್ರೇಯಲ್ಲಿ 1840ರಲ್ಲಿ ತೆರೆದ ಶಾಲೆಗೆ ಸುತ್ತಲೂ ಗೋಡೆಯೇ ಇರಲಿಲ್ಲ. ಸುಮಾರು 40 ಹುಡುಗರಿಗೆ ಒಂದು ಮನೆ, ಅದನ್ನು ‘ಕುಟುಂಬ’ ಅಂತಲೇ ಕರೆಯುತ್ತಿದ್ದರು, ಹಗಲು ಹೊಲದ ಕೆಲಸ, ರಾತ್ರಿ ಜೋಲಿಯಲ್ಲಿ ನಿದ್ದೆ. ಆದರೆ ಬಾಗಿಲು ಮುಚ್ಚಿದ ಜಾಗದಲ್ಲಿ ಹೊಡೆತ ಬಡಿತ ಸುಲಭವಾಗಿ ನುಸುಳುತ್ತದೆ, ಅಲ್ವಾ? ಅಮೆರಿಕದ ಫ್ಲೋರಿಡಾದಲ್ಲಿದ್ದ ಡೋಜಿಯರ್ ಸುಧಾರಣಾ ಶಾಲೆ 1900ರಿಂದ 2011ರವರೆಗೆ ನಡೆಯಿತು. ಮುಚ್ಚಿದ ಮೇಲೆ ಅಗೆದು ನೋಡಿದರೆ 55 ಗೋರಿಗಳು! ಓದುವಾಗ ಕರುಳು ಹಿಂಡುತ್ತದೆ.

ಅಮೆರಿಕದ್ದೇ ಮ್ಯಾಸಚುಸೆಟ್ಸ್ ರಾಜ್ಯ 1970ರ ದಶಕದ ಆರಂಭದಲ್ಲೇ ಇಂಥ ದೊಡ್ಡ ಶಾಲೆಗಳನ್ನು ಮುಚ್ಚಿ, ಹುಡುಗರನ್ನು ಚಿಕ್ಕ ಚಿಕ್ಕ ಮನೆಗಳಲ್ಲಿ ಇರಿಸತೊಡಗಿತು. ನನಗೆ ಸರಿ ಕಾಣುವುದೂ ಅದೇ. ಮಕ್ಕಳನ್ನು ಕೂಡಿಹಾಕುವುದು ಕೊನೆಯ ದಾರಿ, ಅದೂ ಆದಷ್ಟು ಕಡಿಮೆ ಕಾಲಕ್ಕೆ ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಹೇಳುತ್ತದೆ. ಸೇರಿಸಲೇಬೇಕು ಅಂತಾದರೆ ಮೊದಲು ಇಷ್ಟು ಕೇಳಿ: ಹುಡುಗ ಮನೆಯವರ ಜೊತೆ ಮಾತಾಡಬಹುದಾ? ಓದು ಮುಂದುವರಿಯುತ್ತದಾ? ಹೊರಬಂದ ಮೇಲೆ ಅವನ ಜೊತೆ ಯಾರಿರುತ್ತಾರೆ?