ಸಾರಿಗೆ ಬೇಳೆ ಎಷ್ಟು ಹಾಕ್ತೀರಿ?

ಪ್ರಶ್ನೆ: ಮೇಡಂ, ನನಗೆ 46 ವರ್ಷ. ನಮ್ಮದು ಸಸ್ಯಾಹಾರ, ಹೊರಗಡೆ ತಿನ್ನುವುದು ಕಡಿಮೆ. ಬೆಳಿಗ್ಗೆ ಉಪ್ಪಿಟ್ಟೋ ಚಿತ್ರಾನ್ನವೋ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಚಪಾತಿ ಪಲ್ಯ. ಆದರೂ ಶುಗರ್ ಬಾರ್ಡರ್‌ನಲ್ಲಿದೆ ಅಂದರು ಡಾಕ್ಟರ್. ಅನ್ನ ಬಿಟ್ಟು ಮುದ್ದೆ ತಿಂದರೆ ಸಾಕಾ? ಮಗ ಪ್ರೋಟೀನ್ ಪೌಡರ್ ತರ್ತೀನಿ ಅಂತಿದ್ದಾನೆ.
– ಓದುಗರೊಬ್ಬರು, ತುಮಕೂರು

ಉತ್ತರ: ನೀವು ಬರೆದಿರುವುದು ನಮ್ಮಲ್ಲಿ ಎಷ್ಟೋ ಮನೆಗಳ ಊಟ. ರವೆ, ಅಕ್ಕಿ, ಗೋಧಿ ಅಂತ ಹೆಸರು ಬೇರೆ, ಮೂರು ಹೊತ್ತೂ ಧಾನ್ಯವೇ ಅಲ್ವಾ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ ವಯಸ್ಕರ ಊಟ ಪರಿಶೀಲಿಸಿದ ಅಧ್ಯಯನವೊಂದು 2025ರಲ್ಲಿ ಬಂತು. ನಮಗೆ ಸಿಗುವ ಕ್ಯಾಲೊರಿಯಲ್ಲಿ ಸುಮಾರು ಶೇ. 62 ಕಾರ್ಬೋಹೈಡ್ರೇಟ್‌ನಿಂದಲೇ (ಧಾನ್ಯ, ಸಕ್ಕರೆಯಲ್ಲಿ ಹೆಚ್ಚಿರುವುದು ಇದೇ), ಪ್ರೋಟೀನ್‌ನಿಂದ ಬರುವುದು ಶೇ. 12ರಷ್ಟು.

ಮುದ್ದೆ ಒಳ್ಳೆಯದೇ. ಆದರೆ ಒಟ್ಟು ಕಾರ್ಬೋಹೈಡ್ರೇಟ್ ಕಡಿಮೆ ಮಾಡದೆ ಅಕ್ಕಿಯ ಜಾಗಕ್ಕೆ ಗೋಧಿ, ಸಿರಿಧಾನ್ಯ ತಂದರೆ ಸಕ್ಕರೆ ಕಾಯಿಲೆಯ ಅಪಾಯ ಇಳಿಯುವುದು ಅದೇ ಅಧ್ಯಯನದಲ್ಲಿ ಕಾಣಲಿಲ್ಲ. ಸ್ವಲ್ಪ ಕಾರ್ಬೋಹೈಡ್ರೇಟ್ ತೆಗೆದು ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನ ಪ್ರೋಟೀನ್ ಬಂದರೆ ಅಪಾಯ ಕಡಿಮೆ ಅಂತ ಕಂಡಿತು. ಹಾಗಾಗಿ ಯಾವ ಧಾನ್ಯ ಅನ್ನುವುದಕ್ಕಿಂತ ಎಷ್ಟು ಅನ್ನುವುದನ್ನು ಮೊದಲು ನೋಡಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕದಲ್ಲಿ, ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ, ಹಾಲು 300 ಮಿ.ಲೀ. ಧಾನ್ಯ, ಬೇಳೆಯ ತೂಕ ಬೇಯಿಸುವ ಮುಂಚಿನದು. ನಾಳೆ ಬೇಳೆ ಕುಕ್ಕರಿಗೆ ಹಾಕುವ ಮುಂಚೆ ಒಮ್ಮೆ ತೂಗಿ ನೋಡಿ. ನಾಲ್ಕು ಜನಕ್ಕೆ ದಿನಕ್ಕೆ 340 ಗ್ರಾಂ ಬೇಕು, ನಾವು ಹಾಕುವುದು ಎರಡು ಹಿಡಿ ತೊಗರಿಬೇಳೆ, ಅದಕ್ಕೆ ಹುಣಸೆಹಣ್ಣಿನ ರಸ, ನೀರು ಸುರಿದು ಮೇಲಿನ ತಿಳಿ ಅನ್ನಕ್ಕೆ ಕಲಸಿಕೊಂಡರೆ ಬೇಳೆಯೆಲ್ಲ ಪಾತ್ರೆಯ ತಳದಲ್ಲೇ ಉಳಿಯುತ್ತದೆ! ಸೌಟು ಹಾಕಿ ಅಡಿಯಿಂದ ಕಲಕಿ ಬಡಿಸಿ.

ನಿಮ್ಮ ಕಡೆಯ ಬಸ್ಸಾರು ಇದಕ್ಕೆ ಹೇಳಿ ಮಾಡಿಸಿದ ಅಡುಗೆ. ಹುರುಳಿ, ಅಲಸಂದೆ, ಹೆಸರುಕಾಳು ಯಾವುದಾದರೂ ಸರಿ, ಬಸಿದ ಕಟ್ಟು ಸಾರಿಗೆ, ಕಾಳು ಸೊಪ್ಪಿನ ಜೊತೆ ಪಲ್ಯಕ್ಕೆ. ಆ ಪಲ್ಯವನ್ನು ನಂಚಿಕೊಳ್ಳಲು ಅಂತ ಒಂದು ಚಮಚ ಹಾಕ್ಕೊಳ್ಳಬೇಡಿ, ಒಂದು ಬಟ್ಟಲು ತಿನ್ನಿ, ಅನ್ನ ತಾನಾಗೇ ಕಡಿಮೆಯಾಗುತ್ತದೆ. ಉಪ್ಪಿಟ್ಟಿನ ದಿನ ಪಕ್ಕದಲ್ಲಿ ಹೆಸರುಬೇಳೆ ಕೋಸಂಬರಿ ಇರಲಿ, ಇಲ್ಲವೇ ಉಪ್ಪಿಟ್ಟಿನ ಬದಲು ಪೆಸರಟ್ಟು, ಅಂದರೆ ಹೆಸರುಕಾಳಿನ ದೋಸೆ ಮಾಡಿ.

ಪೌಡರ್ ಬೇಡ. ಮೈ ಬೆಳೆಸಲು ಪ್ರೋಟೀನ್ ಪೌಡರ್ ತಗೋಬೇಡಿ ಅಂತ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ ಹೇಳಿದೆ, ಆ ದುಡ್ಡಿಗೆ ಕಾಳು, ಕಡಲೆಬೀಜ ತನ್ನಿ. ಕಿಡ್ನಿ ತೊಂದರೆ ಇದ್ದರೆ ಅಥವಾ ಶುಗರ್ ಮಾತ್ರೆ ಶುರುವಾಗಿದ್ದರೆ ಮಾತ್ರ, ಈ ಬದಲಾವಣೆಗೆ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ.