ಕನ್ನಡಿ ಸೀನ್ ಯಾರೊಬ್ಬರ ಸ್ವತ್ತೂ ಅಲ್ಲ

ಪ್ರಶ್ನೆ: ಒಬ್ಬ ಕನ್ನಡಿ ಮುಂದೆ ನಿಲ್ಲುತ್ತಾನೆ. ಗಾಜು ಒಡೆದುಹೋಗಿದೆ, ಬರೀ ಚೌಕಟ್ಟು ಉಳಿದಿದೆ. ಆ ಕಡೆ ಇನ್ನೊಬ್ಬ ನಿಂತು ಇವನು ಮಾಡಿದ್ದನ್ನೆಲ್ಲ ಮಾಡುತ್ತಾನೆ. ಈ ಕಾಮಿಡಿ ಸೀನ್ ಮೊದಲು ಮಾಡಿದ್ದು ಅಮೆರಿಕದ ಹಾಸ್ಯನಟರಾದ ಮಾರ್ಕ್ಸ್ ಸಹೋದರರು, ಉಳಿದವರೆಲ್ಲ ಕದ್ದವರು ಅಂತ ಗೆಳೆಯ ವಾದ ಮಾಡುತ್ತಾನೆ. ನಿಜವಾ?

ನಿಜ ಅಲ್ಲ. ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಸಿನಿಮಾ ಹೆಸರು ಮಾತ್ರ ಬೇರೆ, ‘ಕದ್ದರು’ ಅನ್ನುವ ಮಾತು ಮಾತ್ರ ಅದೇ. ಹಾಗಾಗಿ ಈ ಸಲ ಇದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಮಾರ್ಕ್ಸ್ ಸಹೋದರರ ‘ಡಕ್ ಸೂಪ್’ ಬಂದದ್ದು 1933ರಲ್ಲಿ. ಅದಕ್ಕೂ 12 ವರ್ಷ ಮೊದಲೇ, 1921ರಲ್ಲಿ, ಫ್ರಾನ್ಸಿನ ಮ್ಯಾಕ್ಸ್ ಲಿಂಡರ್ ‘ಸೆವೆನ್ ಇಯರ್ಸ್ ಬ್ಯಾಡ್ ಲಕ್’ನಲ್ಲಿ ಇದೇ ಸೀನನ್ನು ಪೂರ್ತಿಯಾಗಿ ಮಾಡಿದ್ದರು. ಇನ್ನೂ ಹಿಂದೆ ಹೋಗಿ. 1916ರ ‘ದ ಫ್ಲೋರ್‌ವಾಕರ್’ನಲ್ಲಿ ಚಾಪ್ಲಿನ್ ತನ್ನಂತೆಯೇ ಕಾಣುವ ಒಬ್ಬನ ಎದುರು ಬಂದು, ಕನ್ನಡಿ ಇರಬೇಕು ಅಂದುಕೊಳ್ಳುತ್ತಾರೆ. ಸಿನಿಮಾದವರು ಇದನ್ನು ಎತ್ತಿಕೊಂಡದ್ದು ವೇದಿಕೆಯಿಂದ. ಕುಸ್ತಿಯ ಪಟ್ಟು ಕೈಯಿಂದ ಕೈಗೆ ಬರುತ್ತದಲ್ಲ, ಹಾಗೆ. ಪಟ್ಟು ಕದ್ದ ಅಂತ ಯಾರಾದರೂ ಪೈಲ್ವಾನನ ಮೇಲೆ ದೂರು ಕೊಡುತ್ತಾರಾ?

16ನೇ ಶತಮಾನದ ಇಟಲಿಯ ನಾಟಕದ ತಂಡಗಳನ್ನೇ ನೋಡಿ. ಅವರ ಹತ್ತಿರ ಇಂಥ ಚಿಕ್ಕ ಚಿಕ್ಕ ಪ್ರಸಂಗಗಳ ಗಂಟೇ ಇರುತ್ತಿತ್ತು. ಕಥೆ ಯಾವುದೇ ಇರಲಿ, ಜನ ಮಂಕಾದರೆ ಗಂಟಿನಿಂದ ಒಂದನ್ನು ತೆಗೆದು ಹಾಕುತ್ತಿದ್ದರು. ‘ಸ್ಲ್ಯಾಪ್‌ಸ್ಟಿಕ್’ (ಬಿದ್ದು, ಹೊಡೆದಾಡಿ ನಗಿಸುವ ಕಾಮಿಡಿ) ಎಂಬ ಹೆಸರು ಬಂದದ್ದು ಕೂಡ ಅವರು ಹೊಡೆಯಲು ಬಳಸುತ್ತಿದ್ದ, ಎರಡು ಪಟ್ಟಿ ಜೋಡಿಸಿದ ಮರದ ಕೋಲಿನಿಂದ. ಪೆಟ್ಟು ಚಿಕ್ಕದು, ಸದ್ದು ದೊಡ್ಡದು.

ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ. ಹಳೇ ಪ್ರಸಂಗಕ್ಕೆ ಇವರು ಏನು ಸೇರಿಸಿದರು?

ಲಿಂಡರ್ ಸಿನಿಮಾದಲ್ಲಿ ಕೆಲಸದವರು ಕನ್ನಡಿ ಒಡೆದುಬಿಡುತ್ತಾರೆ. ಯಜಮಾನನಿಗೆ ಗೊತ್ತಾಗದಿರಲಿ ಅಂತ ಒಬ್ಬ ಅವನಂತೆಯೇ ವೇಷ ಹಾಕಿ ಚೌಕಟ್ಟಿನ ಹಿಂದೆ ನಿಲ್ಲುತ್ತಾನೆ. ಯಜಮಾನನಿಗೆ ಹಿಂದಿನ ರಾತ್ರಿಯ ಅಮಲು ಇನ್ನೂ ಇಳಿದಿಲ್ಲ. ಇಲ್ಲಿ ನಗು ಇರುವುದು ‘ಸಿಕ್ಕಿಬೀಳುತ್ತಾನಾ?’ ಅನ್ನುವ ಆತಂಕದಲ್ಲಿ.

‘ಡಕ್ ಸೂಪ್’ನ ನಿರ್ದೇಶಕ ಲಿಯೋ ಮೆಕ್ಯಾರಿ ಇದನ್ನು ಬೇರೆ ದಾರಿಗೆ ತಿರುಗಿಸಿದರು. ಮಾರ್ಕ್ಸ್ ಸಹೋದರರಲ್ಲೊಬ್ಬನಾದ ಗ್ರೂಚೊ ಮಲಗುವ ನಿಲುವಂಗಿ, ಕುಲಾವಿ ಹಾಕಿದ್ದಾನೆ. ಎದುರಿಗೆ ಅವನ ಸಹೋದರ ಹಾರ್ಪೊ, ಅದೇ ವೇಷ, ಅದೇ ಮೀಸೆ. ಮಾತಿಲ್ಲ, ಸಂಗೀತವೂ ಇಲ್ಲ. ಗ್ರೂಚೊ ಗಿರ್ರನೆ ಒಂದು ಸುತ್ತು ತಿರುಗುತ್ತಾನೆ. ಹಾರ್ಪೊ ತಿರುಗುವುದೇ ಇಲ್ಲ! ಸುಮ್ನೆ ನಿಂತಿದ್ದು, ಗ್ರೂಚೊ ಮುಖ ಈ ಕಡೆ ಬರುವ ಹೊತ್ತಿಗೆ ಕೈ ಚಾಚಿ ಕೊನೆಯ ಭಂಗಿಗೆ ಬಂದುಬಿಡುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಇಬ್ಬರೂ ಒಬ್ಬರನ್ನೊಬ್ಬರು ಸುತ್ತಿ, ಕನ್ನಡಿಯ ಈ ಕಡೆಯವನು ಆ ಕಡೆಗೆ, ಆ ಕಡೆಯವನು ಈ ಕಡೆಗೆ ಬರುತ್ತಾರೆ. ಆಮೇಲೆ ಪ್ರತಿಬಿಂಬದ ಟೋಪಿ ಕೆಳಗೆ ಬೀಳುತ್ತದೆ. ಗ್ರೂಚೊ ಅದನ್ನು ಎತ್ತಿ ಅವನ ಕೈಗೇ ಕೊಡುತ್ತಾನೆ.

ಟೋಪಿ ಎತ್ತಿಕೊಟ್ಟ ಮೇಲೆ ಅಲ್ಲಿ ಕನ್ನಡಿ ಎಲ್ಲಿಂದ ಬಂತು? ಮೋಸ ಗೊತ್ತಾಗಿ ಎಷ್ಟೋ ಹೊತ್ತಾಗಿದೆ. ಆದರೂ ಆಟ ನಿಲ್ಲಿಸಲು ಇಬ್ಬರಿಗೂ ಮನಸ್ಸಿಲ್ಲ. ಇದು ಲಿಂಡರ್ ಸೀನಿನಲ್ಲಿ ಇರಲಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಖುಷಿಯಿಂದ ಮೈ ಜುಮ್ಮೆನ್ನುತ್ತದೆ. ಇದನ್ನು ‘ಕದ್ದದ್ದು’ ಅನ್ನುವವರು ಸೀನನ್ನು ಸರಿಯಾಗಿ ನೋಡಿಲ್ಲ, ಅಷ್ಟೇ.

ಮುಂದೆ ಟಿವಿ ಬಂತು. ವೇದಿಕೆಯ ಕಲಾವಿದ ಒಂದೇ ಪ್ರಸಂಗವನ್ನು ಊರೂರು ತಿರುಗಿ ವರ್ಷಗಟ್ಟಲೆ ಆಡಬಹುದಿತ್ತು. ಟಿವಿ ಅದನ್ನು ಒಂದೇ ರಾತ್ರಿಯಲ್ಲಿ ಇಡೀ ದೇಶಕ್ಕೆ ತೋರಿಸಿ ಮುಗಿಸಿಬಿಡುತ್ತದೆ. 1951ರಲ್ಲಿ ಶುರುವಾದ ಅಮೆರಿಕದ ಟಿವಿ ಕಾಮಿಡಿ ‘ಐ ಲವ್ ಲೂಸಿ’ಯವರು ಇದಕ್ಕೊಂದು ದಾರಿ ಕಂಡುಕೊಂಡರು. ಎದುರಿಗೆ ಜನರನ್ನು ಕೂರಿಸಿ, ಮೂರು ಫಿಲ್ಮ್ ಕ್ಯಾಮೆರಾಗಳಲ್ಲಿ ಒಟ್ಟಿಗೆ ಚಿತ್ರೀಕರಿಸಿ, ವೇದಿಕೆಯ ಬಿಸಿಯನ್ನು ಟಿವಿಗೆ ತಂದರು. 1955ರಲ್ಲಿ ಇದೇ ಹಾರ್ಪೊ ಅಲ್ಲಿಗೆ ಅತಿಥಿಯಾಗಿ ಬಂದರು. ಆಗ ಅವರಿಗೆ 66 ವರ್ಷ. ಈ ಸಲ ಹಾರ್ಪೊ ವೇಷ ಹಾಕಿ ಸುಳ್ಳು ಪ್ರತಿಬಿಂಬವಾದದ್ದು ಆ ಧಾರಾವಾಹಿಯ ನಾಯಕಿ ಲೂಸಿಲ್ ಬಾಲ್. ಅನುಮಾನ ಪಡುವ ಸರದಿ ಹಾರ್ಪೊದು. 22 ವರ್ಷದ ಹಿಂದೆ ಚೌಕಟ್ಟಿನ ಆ ಕಡೆ ನಿಂತಿದ್ದವರು ಈಗ ಈ ಕಡೆ ನಿಂತಿದ್ದಾರೆ! ಇದಕ್ಕೂ ಕಳ್ಳತನ ಅಂತ ಹೆಸರಿಡುತ್ತೀರಾ?

ಏನೂ ಸೇರಿಸದೆ, ಶಾಟಿಗೆ ಶಾಟು ಎತ್ತಿ ‘ನನ್ನದು’ ಅನ್ನುವವರು ಇದ್ದಾರೆ. ಅದು ಕಳ್ಳತನವೇ. ಅದನ್ನು ನಾನು ಸಮರ್ಥಿಸುವುದಿಲ್ಲ.

ಪ್ರಶ್ನೆ: ಮೂಕಿ ಚಿತ್ರಗಳಲ್ಲಿ ಎಲ್ಲರೂ ಯಾಕೆ ಅಷ್ಟು ಬೇಗ ಬೇಗ ಓಡಾಡುತ್ತಾರೆ?

ಕ್ಯಾಮೆರಾವನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ ತೆಗೆದದ್ದನ್ನು ಈಗ ಸೆಕೆಂಡಿಗೆ 24 ಫ್ರೇಮಿನಲ್ಲಿ ಓಡಿಸಿದರೆ ಹಾಗಾಗುತ್ತದೆ. ಕಾಮಿಡಿಯವರು ಎಷ್ಟೋ ಸಲ ಬೇಕೆಂದೇ ನಿಧಾನಕ್ಕೆ ತಿರುಗಿಸುತ್ತಿದ್ದರು.

ಪ್ರಶ್ನೆ: ಟಿವಿ ಕಾಮಿಡಿಯಲ್ಲಿ ಕೇಳುವ ನಗುವೆಲ್ಲ ಮೆಷಿನ್ನಿನದೇ ಅಲ್ವಾ?

ಎಲ್ಲವೂ ಅಲ್ಲ. ಅಮೆರಿಕದ ಸೌಂಡ್ ಎಂಜಿನಿಯರ್ ಚಾರ್ಲ್ಸ್ ಡಗ್ಲಸ್ 1950ರ ದಶಕದಲ್ಲಿ ರೆಕಾರ್ಡ್ ಮಾಡಿದ ನಗು ಕೇಳಿಸುವ ಪೆಟ್ಟಿಗೆ ಮಾಡಿದ್ದು ನಿಜ, ‘ಐ ಲವ್ ಲೂಸಿ’ಯಲ್ಲಿ ಎದುರಿಗೆ ಕೂತು ನಕ್ಕ ಜನರೂ ನಿಜ.

ಪ್ರಶ್ನೆ: ‘ಹತ್ತು ಸೂತ್ರಗಳಲ್ಲಿ ಕಾಮಿಡಿ ಬರೆಯಿರಿ’ ಅಂತ ಆನ್‌ಲೈನ್ ಕೋರ್ಸ್ ಇದೆ. ಸೇರಲಾ?

ಬೇಡ. ಸೂತ್ರ ಮಾರುವವರಿಗೆ ಟೈಮಿಂಗ್ ಕಲಿಸಲು ಬರುವುದಿಲ್ಲ. ಒಂದು ಹಳೇ ಸೀನನ್ನು ಸದ್ದು ತೆಗೆದು ಇಪ್ಪತ್ತು ಸಲ ನೋಡಿ, ಜಾಸ್ತಿ ಕಲಿಯುತ್ತೀರಿ.

ಪ್ರಶ್ನೆ: ಬಸ್ಟರ್ ಕೀಟನ್ ಮೇಲೆ ಮನೆಯ ಗೋಡೆ ಬೀಳುವ ಸೀನನ್ನು ನಮ್ಮ ಕಾಲೇಜಿನ ಕಿರುಚಿತ್ರಕ್ಕೆ ಮಾಡಬೇಕು ಅಂತಿದ್ದೇವೆ. ಹೇಗೆ?

ಮಾಡಬೇಡಿ. ಹೇಗೆ ಅಂತ ಹೇಳುವುದೂ ಇಲ್ಲ. ಮೂಕಿ ಚಿತ್ರಗಳ ಹಾಸ್ಯನಟ ಕೀಟನ್ ಇದನ್ನು 1920ರಲ್ಲಿ ‘ಒನ್ ವೀಕ್’ನಲ್ಲಿ ಚಿಕ್ಕದಾಗಿ ಮಾಡಿದ್ದರು. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ ಬಿದ್ದದ್ದು ನಿಜವಾದ ಭಾರದ ಗೋಡೆ. ಗೋಡೆಯ ತೆರೆದ ಕಿಟಕಿ ಸರಿಯಾಗಿ ಅವರ ಮೇಲೆ ಬಂದದ್ದರಿಂದ ಬದುಕಿದರು, ಆ ತೆರಪಿಗೂ ಅವರ ಮೈಗೂ ಇದ್ದದ್ದು ಕೆಲವೇ ಇಂಚು. ಹುಟ್ಟಿದಾಗಿನಿಂದ ವೇದಿಕೆಯಲ್ಲೇ ಬೆಳೆದ ಮನುಷ್ಯ ಅವರು. ಅದೇ ಕಾಲದ ಇನ್ನೊಬ್ಬ ಹಾಸ್ಯನಟ ಹೆರಾಲ್ಡ್ ಲಾಯ್ಡ್ 1919ರಲ್ಲಿ ಫೋಟೋಗೆ ಅಂತ ಹಿಡಿದ ಬಾಂಬು ಆಟಿಕೆಯಾಗಿರಲಿಲ್ಲ, ನಿಜವಾಗಿ ಸಿಡಿಯಿತು. ಬಲಗೈಯ ಹೆಬ್ಬೆರಳು, ತೋರುಬೆರಳು ಹೋದವು.

ನಾನೊಂದು ಶೂಟಿಂಗಿನಲ್ಲಿದ್ದೆ. ಹುಡುಗ ಏಣಿಯಿಂದ ಬೀಳುವ ಸೀನ್, ಕೆಳಗೆ ಹಾಸಿಗೆ ಹಾಕಿರಲಿಲ್ಲ. ಬಿದ್ದವನು ಕೂಗಿಕೊಂಡ. ನಟಿಸುತ್ತಿದ್ದಾನೆ ಅಂತ ಎಲ್ಲರೂ ನಗುತ್ತಿದ್ದೆವು. ನಾನೂ ನಕ್ಕೆ. ಮಣಿಕಟ್ಟು ಮುರಿದಿತ್ತು.

ನೀವು ಕನ್ನಡಿ ಸೀನ್ ಮಾಡಿ. ಒಂದು ಖಾಲಿ ಚೌಕಟ್ಟು, ಒಂದೇ ಥರದ ಎರಡು ಜೊತೆ ಬಟ್ಟೆ, ಇಬ್ಬರು ಗೆಳೆಯರು, ಒಂದು ತಿಂಗಳ ಅಭ್ಯಾಸ ಇದ್ದರೆ ಸಾಕು. ಇಡೀ ಮೈ ಕಾಣುವ ಹಾಗೆ ಕ್ಯಾಮೆರಾ ದೂರ ಇಡಿ, ನಡುವೆ ಕಟ್ ಮಾಡಬೇಡಿ. ಮುಗಿಸಿದ ಮೇಲೆ ನನಗೂ ಕಳಿಸಿ, ನೋಡುತ್ತೇನೆ.