ಅದು ಚೀಲ ಅಲ್ಲ ಸ್ವಾಮಿ

"ಮಕ್ಕಳ ಜೊತೆ 'ಪೊಂ ಪೊಕೊ' ನೋಡಲು ಕೂತೆ. ಜಪಾನಿನಲ್ಲಿ ಭಾರಿ ಓಡಿದ ಹಾಸ್ಯ ಚಿತ್ರವಂತೆ. ನಮ್ಮ ಮನೆಯಲ್ಲಿ ಒಬ್ಬರೂ ನಗಲಿಲ್ಲ. ಆ ಪ್ರಾಣಿಗಳ ಹೊಟ್ಟೆ ಕೆಳಗಿನ ಚೀಲ ಯಾಕೆ ಹಾಗೆ ಹಿಗ್ಗುತ್ತದೆ? ತಪ್ಪು ನಮ್ಮದೋ, ಸಿನಿಮಾದ್ದೋ?"
– ದಾವಣಗೆರೆಯ ಓದುಗರೊಬ್ಬರು

ನೀವು ನೋಡಿದ್ದು ಇಂಗ್ಲಿಷ್ ಡಬ್ಬಿಂಗ್. 'ಚೀಲ' ಎಂದಾಗಲೇ ಗೊತ್ತಾಯಿತು. ಅಲ್ಲಿ ಅದನ್ನು 'ಪೌಚ್' ಎಂದು ಕರೆದು ಕೈ ತೊಳೆದುಕೊಂಡಿದ್ದಾರೆ. ಅದು ಚೀಲ ಅಲ್ಲ ಸ್ವಾಮಿ, ಬೀಜ. ಹೋರಿಗೆ ಇರುತ್ತದಲ್ಲ, ಅದು.

ಇಸಾವೊ ತಕಾಹಾತ 1994ರಲ್ಲಿ ಸ್ಟುಡಿಯೊ ಘಿಬ್ಲಿಗೆ ಮಾಡಿದ ಕಾರ್ಟೂನ್ ಚಿತ್ರ ಇದು. ಆ ವರ್ಷ ಜಪಾನಿನ ಸಿನಿಮಾಗಳಲ್ಲೇ ಅತಿ ಹೆಚ್ಚು ದುಡ್ಡು ಮಾಡಿದ್ದು. ಟೋಕಿಯೊ ಪಕ್ಕದ ತಾಮಾ ಗುಡ್ಡಗಳನ್ನು ಕಡಿದು ಹೊಸ ಊರು ಕಟ್ಟುವಾಗ, ಕಾಡು ಕಳೆದುಕೊಂಡ ತನುಕಿ ಎಂಬ ಪ್ರಾಣಿಗಳು ವೇಷ ಬದಲಿಸಿ ಮನುಷ್ಯರನ್ನು ಹೆದರಿಸಲು ಹೊರಡುತ್ತವೆ. ಇಂಗ್ಲಿಷಿನವರು ತನುಕಿಯನ್ನು ರಕೂನ್ ಮಾಡಿದರು. ಅಸಲಿಗೆ ಅದು ನಾಯಿ ಜಾತಿಯದು. ಇರಲಿ.

ಬೀಜಕ್ಕೆ ಜಪಾನಿಯಲ್ಲಿ 'ಕಿಂತಾಮಾ' ಎನ್ನುತ್ತಾರೆ. ಪದ ಬಿಡಿಸಿದರೆ ಬಂಗಾರದ ಗುಂಡು. ಅಕ್ಕಸಾಲಿಗರು ಚಿನ್ನವನ್ನು ತನುಕಿಯ ಚರ್ಮದಲ್ಲಿ ಸುತ್ತಿ ಬಡಿದು ತಗಡು ಮಾಡುತ್ತಿದ್ದರು, ಆ ಚಿನ್ನ ಎಂಟು ಚಾಪೆ ಅಗಲ ಹಿಗ್ಗುತ್ತಿತ್ತು ಎಂದೊಂದು ಕಥೆ. ಹಾಗಾಗಿ ತನುಕಿಯ ಬೀಜ ಎಂದರೆ ಅಲ್ಲಿ ದುಡ್ಡು, ಅದೃಷ್ಟ. ಶಿಗರಾಕಿ ಊರಿನ ಕುಂಬಾರರು ಮಾಡುವ ಡೊಳ್ಳು ಹೊಟ್ಟೆಯ ತನುಕಿ ಬೊಂಬೆಗಳು ಹೋಟೆಲುಗಳ ಬಾಗಿಲಲ್ಲಿ ನಿಂತಿರುತ್ತವೆ, ಎಲ್ಲ ಬಿಟ್ಟುಕೊಂಡು! ಯಾರಿಗೂ ನಾಚಿಕೆಯಿಲ್ಲ. ಮಕ್ಕಳು ಒಂದು ಕ್ರೈಸ್ತ ಭಜನೆಯ ಧಾಟಿಯಲ್ಲಿ ಅದರ ಮೇಲೆ ಹಾಡು ಬೇರೆ ಹಾಡುತ್ತಾರೆ.

ಈಗ ಆ ದೃಶ್ಯ ನೆನಪಿಸಿಕೊಳ್ಳಿ. ತನುಕಿಗಳೆಲ್ಲ ಕೆಂಪು ಜಮಖಾನದ ಮೇಲೆ ಕೂತಿವೆ. ಆಮೇಲೆ ನೋಡಿದರೆ ಅದು ಜಮಖಾನವೇ ಅಲ್ಲ, ಹಿರಿಯ ತನುಕಿಯದ್ದು! ಇಲ್ಲಿ 'ಪೌಚ್' ಎಂದರೆ ಯಾರಿಗೆ ತಾನೇ ನಗು ಬರುತ್ತದೆ? ನಮ್ಮ ಅಜ್ಜಿ ಬೀಗರ ಎದುರೇ 'ಹೋರಿ ಬೀಜ ಒಡೆಸಬೇಕು' ಎನ್ನುತ್ತಿದ್ದರು. ಅಂಥವರಿಗೆ ಈ ಚಿತ್ರ ತೋರಿಸಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಇಂಗ್ಲಿಷಿನವರಿಗಿಂತ ನಮಗೇ ಜಾಸ್ತಿ ದಕ್ಕಬೇಕಾದ ತಮಾಷೆ ಇದು. ನಡುವೆ ಇಂಗ್ಲಿಷ್ ಬಂದು ಕೆಡಿಸಿತು.

ಹಾಗಂತ ಎಲ್ಲವೂ ದಕ್ಕುತ್ತದೆ ಅಂತಲ್ಲ. ಜಪಾನಿಯಲ್ಲಿ ಕಥೆ ಹೇಳುವ ದನಿ ಕೊಕೊಂತೆ ಶಿಂಚೊ ಅವರದು. ರಾಕುಗೊ ಎಂಬ ಕಲೆಯಲ್ಲಿ ದೊಡ್ಡ ಹೆಸರು. ದಿಂಬಿನ ಮೇಲೆ ಕೂತು, ಒಂದು ಬೀಸಣಿಗೆ, ಒಂದು ಟವೆಲ್ಲು ಇಟ್ಟುಕೊಂಡು ಒಬ್ಬರೇ ಕಥೆ ಹೇಳಿ ನಗಿಸುವವರು. ಗಂಭೀರ ವಿಷಯ ಹೇಳುವಾಗಲೂ ಆ ದನಿಯಲ್ಲಿ ಒಂದು ಕೊಂಕು ಇರುತ್ತದೆ. ಸಬ್‌ಟೈಟಲ್‌ನಲ್ಲಿ ಅದೆಲ್ಲಿ ಬರಬೇಕು? ಯಕ್ಷಗಾನದ ಹಾಸ್ಯಗಾರನ ಮಾತನ್ನು ಪೇಪರಿನಲ್ಲಿ ಓದಿದ ಹಾಗೆ. ಚಿತ್ರದಲ್ಲಿ ಬರುವ, ಜಪಾನಿನ 1185ರ ಯಶಿಮಾ ಕದನದ ಬಾಣ ಬಿಡುವ ಪ್ರಸಂಗವೂ ಅಷ್ಟೇ. ಅಲ್ಲಿಯವರಿಗೆ ಅದು ಬಾಯಿಪಾಠ, ನಮಗೆ ಸುಮ್ನೆ ಒಂದು ಚಿತ್ರ.

ಒಂದು ದೃಶ್ಯಕ್ಕೆ ಮಾತ್ರ ಯಾರ ಅನುವಾದವೂ ಬೇಡ. ತನುಕಿಗಳು ಪ್ರಾಣ ಒತ್ತೆಯಿಟ್ಟು ಭೂತಗಳ ಮೆರವಣಿಗೆ ಹೊರಡಿಸುತ್ತವೆ. ಗಾಡಿ ಅಂಗಡಿಯಲ್ಲಿ ಇಬ್ಬರು ಕುಡಿಯುತ್ತಾ ಹರಟುತ್ತಿದ್ದಾರೆ. ಬೆನ್ನ ಹಿಂದೆಯೇ ಭೂತಗಳು ಸಾಗುತ್ತಿವೆ. ಇಬ್ಬರಿಗೂ ಪರಿವೆಯೇ ಇಲ್ಲ.

ಇನ್ನೊಮ್ಮೆ ಜಪಾನಿ ಆಡಿಯೊ ಹಾಕಿ ನೋಡಿ. ಮಕ್ಕಳು ಆ 'ಚೀಲ'ದ ಬಗ್ಗೆ ಕೇಳಿದರೆ ಕನ್ನಡದಲ್ಲೇ ಹೇಳಿಬಿಡಿ. ಯಾರು ಮೊದಲು ನಕ್ಕರು ಅಂತ ನಮಗೂ ಒಂದು ಸಾಲು ಬರೆಯಿರಿ.

– ಸಂ.